ಪಕ್ಕದ ದೇಶಕ್ಕೆ ಪುಕ್ಕಟೆ ಮದ್ದು: ಆಸ್ಪತ್ರೆಯಿಂದ ರಾಜತಾಂತ್ರಿಕತೆ ನಡೆಯುವುದು ಹೇಗೆ?

2003ರ ಜುಲೈ. ಸಂಸತ್ತಿನ ಮೇಲಿನ ದಾಳಿಯ ನಂತರ ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಒಂದೂವರೆ ವರ್ಷದ ಮೇಲೆ ಮತ್ತೆ ಓಡಿತು. ಲಾಹೋರಿನಿಂದ ಬಂದ ಬಸ್ಸಿನಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ಇತ್ತು. ಹುಟ್ಟಿನಿಂದಲೇ ಹೃದಯದಲ್ಲಿ ತೂತು. ಅಪ್ಪ ಅಮ್ಮ ಅದನ್ನು ಎತ್ತಿಕೊಂಡು ಬರುತ್ತಿದ್ದದ್ದು ನಮ್ಮ ಬೆಂಗಳೂರಿಗೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ. ಆಪರೇಷನ್ ಆಯಿತು, ಮಗು ಚೇತರಿಸಿಕೊಂಡಿತು. ಆ ದಿನಗಳ ಪೇಪರು, ಟಿವಿ ನೋಡಿದವರಿಗೆ ನೆನಪಿರಬಹುದು. ದೇಶದ ಮೂಲೆಮೂಲೆಯಿಂದ ಆ ಮಗುವಿಗೆ ಹಾರೈಕೆ ಬಂದಿತ್ತು. ಆರು ತಿಂಗಳ ಹಿಂದೆ ಗಡಿಯ ಆಚೆಗೆ ಬೈಯುತ್ತಿದ್ದವರೂ ಮಗು ಹೇಗಿದೆ ಅಂತ ಕೇಳುತ್ತಿದ್ದರು.

ಎರಡು ದೇಶಗಳ ಮಂತ್ರಿಗಳು ಕೂತು ಹತ್ತು ಸಲ ಮಾತಾಡಿದ್ದರೂ ಇಷ್ಟು ಮಂದಿ ಕಿವಿಗೊಡುತ್ತಿರಲಿಲ್ಲ. ಅದಕ್ಕೇ ಸರ್ಕಾರಗಳು ಆಸ್ಪತ್ರೆಯ ಮೇಲೆ ದುಡ್ಡು ಹಾಕುತ್ತವೆ. ತಮ್ಮ ಊರಲ್ಲಿ ಮಾತ್ರ ಅಲ್ಲ, ಪಕ್ಕದ ದೇಶದಲ್ಲಿಯೂ. ನಮ್ಮ ಆಸ್ಪತ್ರೆಗಳಲ್ಲೇ ಹಾಸಿಗೆ ಸಾಲದೆ ಇರುವಾಗ ಹೊರಗಿನವರಿಗೆ ಯಾಕೆ ಅನ್ನುವ ಪ್ರಶ್ನೆಯೂ ಆಗಾಗ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮೊದಲು ಇದು ಏನು, ಹೇಗೆ ನಡೆಯುತ್ತದೆ ಅಂತ ನೋಡೋಣ.

ಮೊದಲು ಎರಡು ಪದ

ರಾಜತಾಂತ್ರಿಕತೆ ಅಂದರೆ ಒಂದು ದೇಶ ಇನ್ನೊಂದರ ಜೊತೆ ಜಗಳವಿಲ್ಲದೆ ತನ್ನ ಕೆಲಸ ಮಾಡಿಸಿಕೊಳ್ಳುವ ಬಗೆ. ರಾಯಭಾರಿ, ಒಪ್ಪಂದ, ಕೈಕುಲುಕುವ ಫೋಟೋ ಎಲ್ಲ ಅದರ ಮೇಲಿನ ಪದರ.

ಇನ್ನೊಂದು ಪದ ಸಾಫ್ಟ್ ಪವರ್, ಕನ್ನಡದಲ್ಲಿ ಮೃದು ಶಕ್ತಿ. ಅಮೆರಿಕದ ಜೋಸೆಫ್ ನೈ ಎಂಬ ವಿದ್ವಾಂಸರು 1990ರ ಹೊತ್ತಿಗೆ ಇದನ್ನು ಬಳಕೆಗೆ ತಂದರು. ಹೆದರಿಸದೆ, ದುಡ್ಡು ತೋರಿಸಿ ಕೊಳ್ಳದೆ, ಎದುರಿನವರಿಗೆ ತಾನಾಗಿಯೇ ನಿಮ್ಮ ಮೇಲೆ ಒಲವು ಬರುವಂತೆ ಮಾಡುವುದು.

ನಮ್ಮ ಬೀದಿಯ ಲೆಕ್ಕದಲ್ಲಿ ಹೇಳಬೇಕೆಂದರೆ ಹೀಗೆ. ಪಕ್ಕದ ಮನೆಯವರ ಜೊತೆ ಕಾಂಪೌಂಡ್ ಗೋಡೆಯ ವಿಚಾರಕ್ಕೆ ತಕರಾರು ಇದೆ. ಒಂದು ರಾತ್ರಿ ಅವರ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ನೀವೇ ಗಾಡಿ ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಗೋಡೆಯ ತಕರಾರು ಮುಗಿಯಲಿಲ್ಲ. ಆದರೆ ಮುಂದಿನ ಸಲ ಮಾತು ಬಂದಾಗ ಆ ಮನೆಯವರ ದನಿ ಸ್ವಲ್ಪ ತಗ್ಗಿರುತ್ತದೆ ಅಲ್ವಾ? ಆ ತಗ್ಗಿದ ದನಿಯೇ ಇಲ್ಲಿ ಲಾಭ.

ಒಂದು ಗೊಂದಲ ಇಲ್ಲೇ ಬಿಡಿಸಬೇಕು. ಬೊಮ್ಮಸಂದ್ರದ ಆಸ್ಪತ್ರೆಗಳ ಸುತ್ತ ಓಡಾಡಿದರೆ ಬಂಗಾಳಿಯಲ್ಲಿ ಬರೆದ ಲಾಡ್ಜ್ ಬೋರ್ಡುಗಳು, ಮೀನು ಸಾರು ಅನ್ನದ ಹೋಟೆಲುಗಳು ಸಾಲಾಗಿ ಕಾಣುತ್ತವೆ. ಪಶ್ಚಿಮ ಬಂಗಾಳದವರ ಜೊತೆ ಬಾಂಗ್ಲಾದೇಶದ ರೋಗಿಗಳೂ ಅಲ್ಲಿಗೆ ಬರುತ್ತಾರೆ. ಅವರು ಬಿಲ್ಲು ಕಟ್ಟಿ ಚಿಕಿತ್ಸೆ ಪಡೆಯುವವರು. ಅದು ವೈದ್ಯಕೀಯ ಪ್ರವಾಸ, ಅಂದರೆ ವ್ಯಾಪಾರ. ನಾವು ಇಲ್ಲಿ ಮಾತಾಡುತ್ತಿರುವುದು ಬಿಲ್ಲನ್ನು ರೋಗಿಯಲ್ಲದೆ ಒಂದು ಸರ್ಕಾರವೋ ದಾನಿಯೋ ಕಟ್ಟುವ ಚಿಕಿತ್ಸೆಯ ಬಗ್ಗೆ. ಆದರೆ ಇವೆರಡರ ನಡುವಿನ ಗೆರೆ ಅಷ್ಟೇನೂ ದಪ್ಪ ಇಲ್ಲ. ದುಡ್ಡು ಕೊಟ್ಟು ಬರುವವನಿಗೂ ವೀಸಾ ಬೇಕು, ಮತ್ತು ವೀಸಾ ಕೊಡುವುದು ಸರ್ಕಾರವೇ. ಅದಕ್ಕೆ ಮುಂದೆ ಬರುತ್ತೇನೆ.

ಕಟ್ಟಡ, ಡೇರೆ, ಆಂಬುಲೆನ್ಸು

ಎಲ್ಲರಿಗೂ ಕಾಣುವ ಬಗೆ ಅಂದರೆ ಆಸ್ಪತ್ರೆ ಕಟ್ಟಿಸಿ ಕೊಡುವುದು. ಮಾಲ್ಡೀವ್ಸ್ ರಾಜಧಾನಿ ಮಾಲೆಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ 1995ರಲ್ಲಿ ಭಾರತದ ನೆರವಿನಿಂದ ಶುರುವಾದದ್ದು. ನೇಪಾಳದ ಧರಾನ್‌ನಲ್ಲಿ ಬಿ.ಪಿ. ಕೊಯಿರಾಲಾ ಹೆಸರಿನ ವೈದ್ಯಕೀಯ ಸಂಸ್ಥೆ ಇದೆ. ಭೂತಾನದ ಥಿಂಪುವಿನಲ್ಲಿ 150 ಹಾಸಿಗೆಯ ತಾಯಿ-ಮಕ್ಕಳ ಆಸ್ಪತ್ರೆ 2024ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು. ಶ್ರೀಲಂಕಾದ ಡಿಕೋಯಾದಲ್ಲಿ, ಟೀ ತೋಟಗಳ ನಡುವೆ, ಇನ್ನೊಂದು 150 ಹಾಸಿಗೆಯ ಆಸ್ಪತ್ರೆ ಇದೆ. ಅದು 2017ರದ್ದು. ಸುತ್ತಲಿನ ತೋಟಗಳಲ್ಲಿ ದುಡಿಯುವವರು ಬ್ರಿಟಿಷರ ಕಾಲದಲ್ಲಿ ಭಾರತದಿಂದ ಹೋದ ತಮಿಳು ಕೂಲಿಗಳ ವಂಶದವರು. ಆಸ್ಪತ್ರೆ ಎಲ್ಲಿ ಎದ್ದಿತು ಅನ್ನುವುದರಲ್ಲೇ ಯಾರಿಗೆ ಏನು ಹೇಳಬೇಕಿತ್ತು ಅನ್ನುವುದೂ ಇರುತ್ತದೆ.

ಇನ್ನೊಂದು ಬಗೆ ಡೇರೆ ಹೊತ್ತು ಹೋಗುವುದು. 2009ರಲ್ಲಿ ಶ್ರೀಲಂಕಾದ ಯುದ್ಧದ ಕೊನೆಯ ತಿಂಗಳುಗಳಲ್ಲಿ ಭಾರತ ಪುಲ್ಮೋಡೈ ಎಂಬಲ್ಲಿ ತುರ್ತು ಆಸ್ಪತ್ರೆ ತೆರೆಯಿತು. ಆಮೇಲೆ ಅದನ್ನು ನಿರಾಶ್ರಿತರ ಶಿಬಿರಗಳ ಹತ್ತಿರಕ್ಕೆ, ಚೆಟ್ಟಿಕುಳಂಗೆ ಸಾಗಿಸಿತು. ಎರಡೂ ಕಡೆ ಸೇರಿ ಸುಮಾರು 50,000 ಜನರನ್ನು ನೋಡಿದರು.

ನನಗೆ ಇಷ್ಟವಾದ ಉದಾಹರಣೆ ಮಾತ್ರ ಆಂಬುಲೆನ್ಸಿನದು. ನಮಗೆ 108 ಇದ್ದ ಹಾಗೆ ಶ್ರೀಲಂಕಾದವರಿಗೆ 1990. ‘ಸುವ ಸೇರಿಯ’ ಅಂತ ಅದರ ಹೆಸರು. ಫೋನು ಮಾಡಿದರೆ ಬರುತ್ತದೆ, ಕಾಸು ಕೇಳುವುದಿಲ್ಲ. 2016ರಲ್ಲಿ ಭಾರತದ 75 ಲಕ್ಷ ಡಾಲರ್ ಅನುದಾನದಿಂದ ಅದು ಪಶ್ಚಿಮ ಮತ್ತು ದಕ್ಷಿಣ ಪ್ರಾಂತಗಳಲ್ಲಿ ಶುರುವಾಯಿತು. ಆಮೇಲೆ ಇನ್ನೂ ಒಂದೂವರೆ ಕೋಟಿ ಡಾಲರ್ ಬಂದು ಇಡೀ ದ್ವೀಪಕ್ಕೆ ಹರಡಿತು. ಕಟ್ಟಿ ನಿಲ್ಲಿಸಿದ್ದು ನಮ್ಮಲ್ಲಿ 108 ಓಡಿಸಿದ ಅದೇ ಸಂಸ್ಥೆ. ಮೊದಲಿಗೆ ಅಲ್ಲಿನ ವೈದ್ಯರ ಸಂಘ ತೀವ್ರವಾಗಿ ವಿರೋಧಿಸಿತ್ತು, ಹೊರಗಿನವರಿಗೆ ಇಲ್ಲೇನು ಕೆಲಸ ಅಂತ. ಈಗ ಅದು ಲಂಕಾ ಸರ್ಕಾರದ್ದೇ ಸೇವೆ, ಓಡಿಸುವವರು ಅಲ್ಲಿಯವರೇ. ಕಟ್ಟಡವಾದರೆ ಅದರ ಮೇಲೆ ಕೊಟ್ಟವರ ಹೆಸರಿನ ಫಲಕ ಇರುತ್ತದೆ. ಎದೆ ನೋವು ಬಂದು 1990 ಒತ್ತುವವನಿಗೆ ಭಾರತದ ನೆನಪೇ ಬರಲಿಕ್ಕಿಲ್ಲ. ಮತ್ತೆ ಇದರಿಂದ ಭಾರತಕ್ಕೆ ಏನು ಸಿಕ್ಕಿತು ಅಂತ ಕೇಳಬಹುದು. ವಿರೋಧಿಸಿದವರ ಬಾಯಿಯೂ ನಿಧಾನವಾಗಿ ಮುಚ್ಚಿತಲ್ಲ, ಅದೇ.

ಮೂರನೆಯ ಬಗೆ ರೋಗಿಯನ್ನೇ ಇಲ್ಲಿಗೆ ಕರೆಸಿಕೊಳ್ಳುವುದು. 1971ರಲ್ಲಿ ಬಾಂಗ್ಲಾದೇಶಕ್ಕಾಗಿ ಹೋರಾಡಿದ ಮುಕ್ತಿಯೋಧರಲ್ಲಿ ವರ್ಷಕ್ಕೆ 100 ಮಂದಿಗೆ ಭಾರತದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಎಂದು 2017ರಲ್ಲಿ ಘೋಷಣೆಯಾಯಿತು. ಸಂಖ್ಯೆ ಸಣ್ಣದು. ಆದರೆ ಆಯ್ಕೆ ನೋಡಿ: ಎರಡೂ ದೇಶ ಒಂದೇ ಕಡೆ ನಿಂತಿದ್ದ ದಿನಗಳನ್ನು ನೆನಪಿಸುವ ಮುದುಕರು.

ಒಂದು ಕಾಲು ತಯಾರಾಗುವ ಬಗೆ

ಮಾತು ಮೇಲೆಮೇಲೆ ಹೋಗುತ್ತಿದೆ, ಸ್ವಲ್ಪ ಕೆಳಗೆ ಕೂತು ನೋಡೋಣ. ಜೈಪುರದ ‘ಭಗವಾನ್ ಮಹಾವೀರ್ ವಿಕಲಾಂಗ್ ಸಹಾಯತಾ ಸಮಿತಿ’ 1975ರಿಂದ ಕಾಲು ಕಳೆದುಕೊಂಡವರಿಗೆ ಉಚಿತವಾಗಿ ಕೃತಕ ಕಾಲು ಹಾಕುತ್ತಿದೆ. ವಿದೇಶಾಂಗ ಇಲಾಖೆಯ ನೆರವಿನೊಂದಿಗೆ ಹೊರದೇಶಗಳಲ್ಲೂ ಶಿಬಿರ ಮಾಡುತ್ತದೆ.

ಶಿಬಿರದಲ್ಲಿ ನಡೆಯುವುದು ಇಷ್ಟು. ಉಳಿದಿರುವ ಮೊಂಡು ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ನೀರಿನ ಪೈಪು ಮಾಡುವಂಥ ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ಒಲೆಯಲ್ಲಿ ಕಾಯಿಸಿ, ಮೆತ್ತಗಾದ ಮೇಲೆ ಆ ಅಚ್ಚಿಗೆ ಎಳೆದು ಕೂರಿಸುತ್ತಾರೆ. ಅದು ಆರಿದರೆ ಕಾಲಿನ ಆಕಾರ ಸಿಗುತ್ತದೆ. ಕೆಳಗೆ ರಬ್ಬರಿನ ಪಾದ ಸೇರಿಸುತ್ತಾರೆ. ಬೆಲ್ಟು ಕಟ್ಟಿ ಎರಡು ಕಂಬಿಗಳ ನಡುವೆ ನಡೆಸಿ ನೋಡುತ್ತಾರೆ. ನೋವಾದ ಕಡೆ ಉಜ್ಜಿ ಸರಿ ಮಾಡುತ್ತಾರೆ. ತೆವಳಿಕೊಂಡು ಬಂದವರು ಒಂದೆರಡು ದಿನದಲ್ಲಿ ನಡೆದುಕೊಂಡು ಹೋಗುತ್ತಾರೆ.

1960ರ ದಶಕದ ಕೊನೆಯಲ್ಲಿ ಈ ಪಾದವನ್ನು ರೂಪಿಸಿದ್ದು ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಥಿ. ಪಶ್ಚಿಮದ ದೇಶಗಳ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದು ಕುರ್ಚಿಯಲ್ಲಿ ಕೂರುವವರಿಗೆ ಮಾಡಿದ್ದು. ನಮ್ಮ ಕಡೆಯವರು ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಂಬಕ್ಕಳ ಹಾಕಬೇಕು, ಗದ್ದೆಯ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಕು, ಗುಡಿಯ ಹೊರಗೆ ಚಪ್ಪಲಿ ಬಿಡಬೇಕು. ಜೈಪುರ ಪಾದ ಇದಕ್ಕೆಲ್ಲ ಬಗ್ಗುತ್ತದೆ. ಅಫ್ಘಾನಿಸ್ತಾನದ ನೆಲಬಾಂಬು, ಶ್ರೀಲಂಕಾದ ಯುದ್ಧ ಎರಡೂ ಕಾಲು ಕಿತ್ತುಕೊಂಡದ್ದು ಇಂಥ ಬದುಕಿನವರದ್ದೇ. ಹಾಗಾಗಿ ಅಲ್ಲಿಗೂ ಅದು ಸಲೀಸಾಗಿ ಹೊಂದಿತು. ನೆರೆಯವರ ಬದುಕು ನಮ್ಮದರ ಹಾಗೇ ಇರುವುದರಿಂದ ನಮ್ಮ ಮದ್ದು ಅವರಿಗೆ ಬೇಗ ಹಿಡಿಸುತ್ತದೆ. ದೂರದ ದೊಡ್ಡ ದೇಶಗಳು ಎಷ್ಟು ದುಡ್ಡು ಸುರಿದರೂ ಈ ಒಂದು ಅನುಕೂಲ ಅವಕ್ಕಿಲ್ಲ.

ಕಾಬೂಲ್: ಸರ್ಕಾರ ಬದಲಾದರೂ ಮಕ್ಕಳ ವಾರ್ಡು ಅದೇ

ಇಡೀ ವಿಷಯ ಒಂದೇ ಕಡೆ ನೋಡಬೇಕು ಅಂದರೆ ಅಫ್ಘಾನಿಸ್ತಾನ ನೋಡಬೇಕು.

2001ಕ್ಕೆ ಮೊದಲು ಅಲ್ಲಿ ತಾಲಿಬಾನ್ ಆಳುತ್ತಿತ್ತು. ಅದರ ವಿರುದ್ಧ ಹೋರಾಡುತ್ತಿದ್ದ ಉತ್ತರದ ಒಕ್ಕೂಟದ ಗಾಯಾಳುಗಳಿಗಾಗಿ ಭಾರತ ಗಡಿಯಾಚೆ ತಜಿಕಿಸ್ತಾನದ ಫರ್ಖೋರ್‌ನಲ್ಲಿ ಒಂದು ಆಸ್ಪತ್ರೆ ನಡೆಸುತ್ತಿತ್ತು. ಅಂದರೆ ಬ್ಯಾಂಡೇಜಿಗೂ ಒಂದು ಪಕ್ಷ ಇತ್ತು.

ತಾಲಿಬಾನ್ ಬಿದ್ದ ಮೇಲೆ ಕಾಬೂಲ್, ಹೆರಾತ್, ಕಂದಹಾರ್, ಜಲಾಲಾಬಾದ್, ಮಜಾರ್-ಎ-ಶರೀಫ್ ಐದೂ ಊರುಗಳಲ್ಲಿ ಭಾರತೀಯ ವೈದ್ಯರ ತಂಡಗಳು ಕೂತವು. ನೋಡಿ ಔಷಧಿ ಕೊಡುವುದು, ಕಾಸಿಲ್ಲ. ಕಾಬೂಲಿನಲ್ಲಿ ಇಂದಿರಾ ಗಾಂಧಿ ಹೆಸರಿನ ಮಕ್ಕಳ ಆಸ್ಪತ್ರೆ ಮೊದಲೇ ಇತ್ತು. ಯುದ್ಧದಲ್ಲಿ ಹಾಳಾಗಿದ್ದ ಅದನ್ನು ಭಾರತ ಮತ್ತೆ ಎತ್ತಿ ನಿಲ್ಲಿಸಿತು.

2010ರ ಫೆಬ್ರವರಿ 26ರ ಬೆಳಗ್ಗೆ ಕಾಬೂಲಿನಲ್ಲಿ ಭಾರತೀಯರು ಉಳಿದುಕೊಂಡಿದ್ದ ಅತಿಥಿಗೃಹದ ಮೇಲೆ ದಾಳಿಯಾಯಿತು. ಸೇನೆಯ ವೈದ್ಯ, ಮಣಿಪುರದ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಅವರ ಕೈಯಲ್ಲಿ ಆಯುಧ ಇರಲಿಲ್ಲ. ಒಳನುಗ್ಗಿದವನನ್ನು ತಬ್ಬಿ ಹಿಡಿದುಕೊಂಡರು. ಅವನು ಮೈಗೆ ಕಟ್ಟಿಕೊಂಡಿದ್ದ ಬಾಂಬು ಸಿಡಿಸಿದ. ಒಳಗಿದ್ದ ಸಹೋದ್ಯೋಗಿಗಳು ಉಳಿದರು, ಇವರು ಉಳಿಯಲಿಲ್ಲ. ಮರುವರ್ಷ ಅವರಿಗೆ ಅಶೋಕ ಚಕ್ರ ಬಂತು. ಜ್ವರಕ್ಕೆ ಮಾತ್ರೆ ಕೊಡುವ ಕೆಲಸವನ್ನು ಯಾರಾದರೂ ಇಷ್ಟು ದ್ವೇಷಿಸುತ್ತಾರಾ? ಮಾತ್ರೆಯನ್ನಲ್ಲ, ಅದು ಬೆಳೆಸುವ ನೆಂಟಸ್ತಿಕೆಯನ್ನು.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಬಂತು. ಭಾರತ ರಾಯಭಾರ ಕಚೇರಿ ಮುಚ್ಚಿ ಎಲ್ಲರನ್ನೂ ಕರೆಸಿಕೊಂಡಿತು. ನಾಲ್ಕು ವರ್ಷ ಕಳೆದು 2025ರ ಅಕ್ಟೋಬರ್‌ನಲ್ಲಿ ತಾಲಿಬಾನಿನ ವಿದೇಶಾಂಗ ಮಂತ್ರಿ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದರು. ಅವರ ಸರ್ಕಾರಕ್ಕೆ ಭಾರತ ಅಧಿಕೃತ ಮನ್ನಣೆ ಕೊಟ್ಟಿರಲಿಲ್ಲ. ಮನ್ನಣೆ ಇಲ್ಲದವರ ಜೊತೆ ಏನು ಮಾತಾಡುವುದು? ಅಂದು ನಮ್ಮ ವಿದೇಶಾಂಗ ಸಚಿವ ಜೈಶಂಕರ್ ಮುತ್ತಕಿಗೆ ಕೊಟ್ಟದ್ದು ಆಂಬುಲೆನ್ಸುಗಳು. ಒಟ್ಟು 20, ಅವುಗಳಲ್ಲಿ 5ನ್ನು ಅಲ್ಲೇ ಒಪ್ಪಿಸಿದರು. ಜೊತೆಗೆ ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಚಿಕಿತ್ಸಾ ಕೇಂದ್ರ, ಸ್ಕ್ಯಾನ್ ಯಂತ್ರಗಳು, ಹೆರಿಗೆ ಕ್ಲಿನಿಕ್ಕುಗಳು, ಆ ಹಳೇ ಮಕ್ಕಳ ಆಸ್ಪತ್ರೆಗೆ ಚಳಿಗಾಲದಲ್ಲಿ ಬೆಚ್ಚಗಿಡುವ ಹೊಸ ವ್ಯವಸ್ಥೆ. ಕಾಬೂಲಿನಲ್ಲಿ 2022ರಲ್ಲಿ ತೆರೆದಿದ್ದ ಸಣ್ಣ ತಾಂತ್ರಿಕ ಕಚೇರಿಯನ್ನು ಮತ್ತೆ ಪೂರ್ತಿ ರಾಯಭಾರ ಕಚೇರಿ ಮಾಡುವುದಾಗಿಯೂ ಅದೇ ದಿನ ಹೇಳಿದರು.

ಬೇರೆ ಯಾವ ಉಡುಗೊರೆ ಕೊಟ್ಟಿದ್ದರೂ ತಾಲಿಬಾನಿಗೆ ಕೊಟ್ಟ ಹಾಗೆ ಕಾಣುತ್ತಿತ್ತು. ಆಂಬುಲೆನ್ಸು ಅಫ್ಘನ್ ಜನರಿಗೆ ಕೊಟ್ಟ ಹಾಗೆ ಕಾಣುತ್ತದೆ. ವೈದ್ಯಕೀಯ ನೆರವು ರಾಜತಾಂತ್ರಿಕರಿಗೆ ಅಚ್ಚುಮೆಚ್ಚಾಗಿರುವುದು ಇದಕ್ಕೇ. ಒಪ್ಪಲಾಗದವರ ಮನೆಗೂ ಹಿತ್ತಲ ಬಾಗಿಲಿನಿಂದ ಹೋಗಿಬರಬಹುದು.

ದುಡ್ಡು ಯಾರದು?

ನಮ್ಮದೇ. ತೆರಿಗೆಯ ದುಡ್ಡು, ವಿದೇಶಾಂಗ ಇಲಾಖೆಯ ಬಜೆಟ್ಟಿನಿಂದ ಹೋಗುತ್ತದೆ. 2025-26ರ ಬಜೆಟ್ಟಿನಲ್ಲಿ ಭೂತಾನಕ್ಕೆ 2,150 ಕೋಟಿ, ನೇಪಾಳಕ್ಕೆ 700 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ, ಅಫ್ಘಾನಿಸ್ತಾನಕ್ಕೆ 100 ಕೋಟಿ ರೂಪಾಯಿ ಇಟ್ಟಿದ್ದರು. ಇದು ರಸ್ತೆ, ವಿದ್ಯುತ್, ಶಾಲೆ ಎಲ್ಲ ಸೇರಿದ ಲೆಕ್ಕ. ಆರೋಗ್ಯ ಅದರಲ್ಲಿ ಒಂದು ಪಾಲು ಅಷ್ಟೇ. ಸೇನೆಗೆ ಆಗುವ ಖರ್ಚಿನ ಪಕ್ಕದಲ್ಲಿಟ್ಟರೆ ಚಿಲ್ಲರೆ ಕಾಸು. ಆ ಕಾಸಿನಲ್ಲಿ ಇಲ್ಲೇ ಒಂದು ತಾಲೂಕು ಆಸ್ಪತ್ರೆ ಆಗಬಹುದಿತ್ತು ಅನ್ನುವುದೂ ಸುಳ್ಳಲ್ಲ.

ಅಂದಹಾಗೆ ಇದು ಒಂದೇ ದಿಕ್ಕಿನ ಹೊಳೆ ಅಲ್ಲ. ಬಿಹಾರ, ಉತ್ತರ ಪ್ರದೇಶದ ಗಡಿಯ ಜನ ಪೊರೆಯ ಆಪರೇಷನ್ನಿಗೆ ನೇಪಾಳದ ಲಹಾನ್, ಬಿರಾಟ್‌ನಗರದ ಕಣ್ಣಾಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿ ಕಡಿಮೆ ಖರ್ಚು, ಒಳ್ಳೇ ಕೆಲಸ.

ಬಾಗಿಲ ಚಿಲಕ

ಈಗ ವೀಸಾ ಮಾತಿಗೆ ಬರೋಣ. ಚಿಕಿತ್ಸೆಗೆ ಬರುವವರಿಗೆ ಭಾರತ ಬೇರೆಯೇ ವೀಸಾ ಕೊಡುತ್ತದೆ. ಜೊತೆಗೆ ಬರುವ ಮನೆಯವರಿಗೂ ಒಂದು ಬಗೆ ಇದೆ. ಕಾಗದದ ಲೆಕ್ಕದಲ್ಲಿ ಇಷ್ಟೇ. ಆದರೆ ಈ ಚಿಲಕ ಯಾವಾಗ ತೆರೆಯುತ್ತದೆ, ಯಾವಾಗ ಬೀಳುತ್ತದೆ ಅನ್ನುವುದು ವೈದ್ಯರ ಕೈಯಲ್ಲಿಲ್ಲ.

2017ರ ದೀಪಾವಳಿಯ ದಿನ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್, ಬಾಕಿ ಇರುವ ಅರ್ಹ ಪಾಕಿಸ್ತಾನಿ ರೋಗಿಗಳಿಗೆಲ್ಲ ವೀಸಾ ಕೊಡುತ್ತೇವೆ ಎಂದು ಟ್ವಿಟರಿನಲ್ಲೇ ಬರೆದರು. ಹಬ್ಬದ ದಿನ ಕೊಟ್ಟ ಮಾತು ಎರಡೂ ಕಡೆ ಸುದ್ದಿಯಾಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಅದೇ ಇಲಾಖೆ ಪಾಕಿಸ್ತಾನಿಗಳ ವೀಸಾ ರದ್ದು ಮಾಡಿತು. ಮಿಕ್ಕವರಿಗೆ 27ರವರೆಗೆ, ಚಿಕಿತ್ಸೆಗೆ ಬಂದವರಿಗೆ 29ರವರೆಗೆ ಗಡುವು. ಆ ಎರಡು ದಿನದ ಹೆಚ್ಚಳದಲ್ಲಿ ಸರ್ಕಾರಕ್ಕೂ ಇದ್ದ ಸಂಕೋಚ ಕಾಣುತ್ತದೆ. ಹೃದಯದ ಆಪರೇಷನ್ನಿಗೆ ಕಾಯುತ್ತಿದ್ದ ಮಕ್ಕಳೂ ಹಿಂತಿರುಗಿದವರಲ್ಲಿ ಇದ್ದರು.

ಬಾಂಗ್ಲಾದೇಶದ ಕಥೆ ಬೇರೆ. 2024ರ ಆಗಸ್ಟ್‌ನಲ್ಲಿ ಶೇಖ್ ಹಸೀನಾ ಸರ್ಕಾರ ಉರುಳಿದ ಮೇಲೆ ಭಾರತ ವೀಸಾ ಕೊಡುವುದನ್ನು ಬಹಳ ಬಿಗಿ ಮಾಡಿತು. ಕೋಲ್ಕತ್ತ, ವೆಲ್ಲೂರು, ಬೆಂಗಳೂರು ಅಂತ ಬರುತ್ತಿದ್ದ ರೋಗಿಗಳು ಎಲ್ಲಿಗೆ ಹೋಗಬೇಕು? 2025ರ ಮಾರ್ಚ್‌ನಲ್ಲಿ ಮೊದಲ ಗುಂಪು ಚೀನಾದ ಕುನ್ಮಿಂಗ್‌ಗೆ ವಿಮಾನ ಹತ್ತಿತು. ನೀವು ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಅದಕ್ಕೆ ತಿಂಗಳುಗಳೇ ಸಾಕು.

ಕೊರೋನಾ ಲಸಿಕೆಯಲ್ಲೂ ಹೀಗೇ ಆಯಿತು. 2021ರ ಜನವರಿ 20ರಂದು ಭಾರತದ ಮೊದಲ ಉಡುಗೊರೆ ಡೋಸುಗಳು ಭೂತಾನ, ಮಾಲ್ಡೀವ್ಸ್‌ಗೆ ಹೋದವು. ಭೂತಾನಕ್ಕೆ ಎರಡು ಕಂತಿನಲ್ಲಿ ಒಟ್ಟು 5.5 ಲಕ್ಷ. ಮಾರ್ಚ್ ಕೊನೆಗೆ ಶುರು ಮಾಡಿ ಎರಡೇ ವಾರಗಳಲ್ಲಿ ಅವರು ಬಹುಪಾಲು ವಯಸ್ಕರಿಗೆ ಚುಚ್ಚಿ ಮುಗಿಸಿದರು. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಿತು. ಹೊರಗೆ ಕಳಿಸುವುದು ನಿಂತಿತು. ಆಗ ನಮ್ಮ ಮನೆಗೇ ಬೆಂಕಿ ಬಿದ್ದಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಭೂತಾನದವರ ಎರಡನೇ ಡೋಸು ಅಮೆರಿಕ ಮತ್ತಿತರ ದೇಶಗಳಿಂದ ಬರಬೇಕಾಯಿತು. ನೇಪಾಳದಲ್ಲಿ ಒಂದು ಡೋಸು ಹಾಕಿಸಿಕೊಂಡ ಲಕ್ಷಾಂತರ ವಯಸ್ಸಾದವರು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. ಮೊದಲನೆಯದಕ್ಕೆ ಬಂದ ಕೃತಜ್ಞತೆಯನ್ನು ಎರಡನೆಯದು ತಿಂದುಹಾಕಿತು.

ಕ್ಯೂಬಾ ಮಾಡಿದ್ದು

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಪಳಗಿದ್ದು ಭಾರತವೂ ಅಲ್ಲ, ಚೀನಾವೂ ಅಲ್ಲ. ಕ್ಯೂಬಾ. ನಮ್ಮ ಬೆಂಗಳೂರಿಗಿಂತ ಕಡಿಮೆ ಜನ ಇರುವ ಬಡ ದ್ವೀಪ. 1963ರಲ್ಲೇ ಅಲ್ಜೀರಿಯಾಕ್ಕೆ ವೈದ್ಯರ ತಂಡ ಕಳಿಸಿತ್ತು. 2004ರಲ್ಲಿ ವೆನೆಜುವೆಲಾ ಜೊತೆ ಸೇರಿ ಸುತ್ತಲಿನ ದೇಶಗಳ ಬಡವರಿಗೆ ಉಚಿತ ಕಣ್ಣಿನ ಆಪರೇಷನ್ ಶುರು ಮಾಡಿತು. ದುಡ್ಡಿನ ಬೆನ್ನೆಲುಬು ಆಗ ವೆನೆಜುವೆಲಾದ ಎಣ್ಣೆ: ಅಲ್ಲಿಗೆ ವೈದ್ಯರು, ಕ್ಯೂಬಾಕ್ಕೆ ಪೆಟ್ರೋಲಿಯಂ. ಆ ವೈದ್ಯರ ಸಂಬಳದ ದೊಡ್ಡ ಪಾಲನ್ನು ಕ್ಯೂಬಾ ಸರ್ಕಾರವೇ ಇಟ್ಟುಕೊಳ್ಳುತ್ತದೆ ಅನ್ನುವ ದೂರು ಇವತ್ತಿಗೂ ಇದೆ.

ಈ ಯೋಜನೆಯ ಒಬ್ಬ ರೋಗಿ ಬೊಲಿವಿಯಾದ ನಿವೃತ್ತ ಸೈನಿಕ ಮಾರಿಯೋ ತೆರಾನ್. 1967ರಲ್ಲಿ ಕ್ಯೂಬಾ ಕ್ರಾಂತಿಯ ನಾಯಕ ಚೆ ಗೆವಾರನಿಗೆ ಗುಂಡು ಹೊಡೆದದ್ದು ಇವನೇ. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂತು. ತೆಗೆದವರು ಕ್ಯೂಬಾದ ವೈದ್ಯರು, ಪುಕ್ಕಟೆಯಾಗಿ. ಕ್ಯೂಬಾದ ಸರ್ಕಾರಿ ಪತ್ರಿಕೆ ಅದನ್ನು ಜಗತ್ತಿಗೆಲ್ಲ ಹೇಳಿಕೊಂಡಿತು. ಹೇಳದೆ ಇದ್ದಿದ್ದರೆ ಅದು ಬರೀ ವೈದ್ಯಕೀಯ ಆಗುತ್ತಿತ್ತು.

ಋಣ ಉಳಿಯುತ್ತದಾ?

2023ರ ಫೆಬ್ರವರಿಯ ಭೂಕಂಪದಲ್ಲಿ ಭಾರತ ಟರ್ಕಿಗೆ ಸೇನೆಯ ಆಸ್ಪತ್ರೆಯನ್ನೇ ಕಳಿಸಿತು. ‘ಆಪರೇಷನ್ ದೋಸ್ತ್’ ಅಂತ ಹೆಸರು. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಿತು. ಮಾಡಿದ್ದು ಮರೆತರು ಅಂತ ನಮ್ಮಲ್ಲಿ ತುಂಬ ಜನ ಸಿಟ್ಟಾದರು. ಸಿಟ್ಟು ಸಹಜ, ಲೆಕ್ಕ ಮಾತ್ರ ತಪ್ಪು. ಆ ಆಸ್ಪತ್ರೆ ಇದ್ದ ಇಸ್ಕಂದರೂನ್ ಊರಿನ ಡೇರೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡವನು ರಾಜಧಾನಿ ಅಂಕಾರಾದಲ್ಲಿ ವಿದೇಶಾಂಗ ನೀತಿ ಬರೆಯುವುದಿಲ್ಲ. ಚಿಕಿತ್ಸೆ ಮುಟ್ಟುವುದು ಮನೆಗಳನ್ನು. ಸರ್ಕಾರವನ್ನು ಅದು ಮುಟ್ಟಬೇಕಾದರೆ ಆ ಮನೆಗಳು ಲಕ್ಷಗಟ್ಟಲೆ ಆಗಬೇಕು, ದಿನವೂ ಆಗುತ್ತಿರಬೇಕು. ದೂರದ ದೇಶದಲ್ಲಿ ಎರಡು ವಾರ ಹಾಕಿದ ಡೇರೆಗೆ ಅಷ್ಟು ಬಲ ಬರುವುದಿಲ್ಲ. ಪಕ್ಕದ ದೇಶದಲ್ಲಾದರೆ ಸ್ವಲ್ಪ ಬರುತ್ತದೆ, ಮಾಲ್ಡೀವ್ಸ್‌ನಲ್ಲಿ ಆದ ಹಾಗೆ.

ಆ ದೇಶ ಅಂದರೆ ಸಮುದ್ರದಲ್ಲಿ ಚೆಲ್ಲಿದ ಅಕ್ಕಿಕಾಳು. ದೂರದ ದ್ವೀಪದಲ್ಲಿ ಯಾರಿಗಾದರೂ ಪಾರ್ಶ್ವವಾಯು ಹೊಡೆದರೆ ಮಾಲೆಗೆ ತರಲು ವಿಮಾನವೋ ಹೆಲಿಕಾಪ್ಟರೋ ಬೇಕು. ಭಾರತ ಕೊಟ್ಟ ಎರಡು ಧ್ರುವ್ ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನ ಈ ಕೆಲಸ ಮಾಡುತ್ತಿದ್ದವು. ಧ್ರುವ್ ತಯಾರಾಗುವುದು ನಮ್ಮ ಎಚ್‌ಎಎಲ್‌ನಲ್ಲೇ. ಅವುಗಳನ್ನು ನಡೆಸಲು ನಮ್ಮ ಸೇನೆಯವರು ಅಲ್ಲಿದ್ದರು. 2023ರಲ್ಲಿ ಮೊಹಮ್ಮದ್ ಮುಯಿಜ್ಜು ‘ಇಂಡಿಯಾ ಔಟ್’ ಅಲೆಯ ಮೇಲೆ ಗೆದ್ದು ಅಧ್ಯಕ್ಷರಾದರು. ವಿದೇಶಿ ಸೈನಿಕರು ಇಲ್ಲಿ ಬೇಡ ಅಂದರು. ಜನರ ಚಿಕಿತ್ಸೆಗೆ ಒಂದೆರಡು ದೇಶವನ್ನೇ ನಂಬಿ ಕೂರುವುದು ಬೇಡ, ಸರ್ಕಾರಿ ಆರೋಗ್ಯ ವಿಮೆಯನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೂ ವಿಸ್ತರಿಸೋಣ ಅಂದರು. ಚಿಕ್ಕ ದೇಶಕ್ಕೆ ಇರುವ ಭಯ ಇದೇ: ಇವತ್ತು ಆಸ್ಪತ್ರೆ ಕೊಟ್ಟವರು ನಾಳೆ ಅದನ್ನೇ ಹಿಡಿದು ಎಳೆದರೆ?

2024ರ ಮೇ 10ರ ಗಡುವಿನೊಳಗೆ ಸೇನೆಯವರೆಲ್ಲ ಹೊರಟರು. ವಿಮಾನ, ಹೆಲಿಕಾಪ್ಟರುಗಳು ಮಾತ್ರ ಅಲ್ಲೇ ಉಳಿದವು. ಅವುಗಳನ್ನು ನೋಡಿಕೊಳ್ಳಲು ಹೋದವರು ಎಚ್‌ಎಎಲ್‌ನ ನಾಗರಿಕ ತಂತ್ರಜ್ಞರು. ಸಮವಸ್ತ್ರ ಬದಲಾಯಿತು, ಅಷ್ಟೇ. ಮರುವರ್ಷ ಜುಲೈನಲ್ಲಿ ಮಾಲ್ಡೀವ್ಸ್ ಸ್ವಾತಂತ್ರ್ಯದ 60ನೇ ವರ್ಷದ ಹಬ್ಬಕ್ಕೆ ಮುಯಿಜ್ಜು ಅತಿಥಿಯಾಗಿ ಕರೆದದ್ದು ಭಾರತದ ಪ್ರಧಾನಿಯನ್ನು. ಅವರು ತೆಗೆದುಕೊಂಡು ಹೋದ ಉಡುಗೊರೆಗಳಲ್ಲಿ ಎರಡು ‘ಭೀಷ್ಮ್’ ಪೆಟ್ಟಿಗೆಗಳಿದ್ದವು. ಅಂದರೆ ಮಡಿಚಿ ಎಲ್ಲಿಗಾದರೂ ಹೊತ್ತೊಯ್ಯಬಹುದಾದ, ಡಬ್ಬಗಳಲ್ಲಿ ತುಂಬಿಟ್ಟ ಪುಟ್ಟ ಆಸ್ಪತ್ರೆಗಳು.